ಸುವೊನ್‌ನಲ್ಲಿ ಸಂಸಾರ: ನಾಲ್ಕು ಡಬ್ಬಿ ಬಾನ್ಚಾನ್, ಒಂದು ಪ್ಯಾಡಿಂಗ್ ಕೋಟು

ಕೊರಿಯಾಕ್ಕೆ ಬಂದ ಮೊದಲ ತಿಂಗಳು ನಾವು ಬೆಂಗಳೂರಿನ ಅಡುಗೆಮನೆಯನ್ನೇ ಸುವೊನ್‌ನಲ್ಲಿ ನಡೆಸಲು ಹೋದೆವು. ತೊಗರಿಬೇಳೆ, ಹುಣಸೆಹಣ್ಣು, ಕರಿಬೇವು ಎಲ್ಲ ಆನ್‌ಲೈನ್‌ನಲ್ಲಿ ತರಿಸಿದೆವು. ಬಿಲ್ ನೋಡಿದ ಮೇಲೆ ನಮ್ಮವರು ಎರಡು ದಿನ ಸಾರಿನ ಹೆಸರೇ ಎತ್ತಲಿಲ್ಲ. ಅದೇ ವಾರ ಕೆಳಮನೆಯ ಅಜ್ಜಿ ಮೂರು ಪುಟ್ಟ ಡಬ್ಬಿ ತಂದುಕೊಟ್ಟರು. ಒಂದರಲ್ಲಿ ಪಾಲಕ್, ಒಂದರಲ್ಲಿ ಮೊಳಕೆ, ಇನ್ನೊಂದರಲ್ಲಿ ಆಲೂಗಡ್ಡೆ. ಬಿಸಿ ಅನ್ನದ ಜೊತೆ ನಾಲ್ಕು ಹೊತ್ತಿಗೆ ಬಂತು.

ಈಗ ನಾಲ್ಕು ವರ್ಷವಾಗಿದೆ. ವಾರದಲ್ಲಿ ನಾಲ್ಕು ದಿನ ಕೊರಿಯನ್ ಅಡುಗೆ, ಮೂರು ದಿನ ನಮ್ಮದು. ಇಲ್ಲಿನ ಸಂತೆ, ಫ್ರಿಜ್ಜು, ಬೆಲೆ ಎಲ್ಲವೂ ಇಲ್ಲಿನ ಊಟಕ್ಕೇ ಹೊಂದಿಕೊಂಡಿವೆ. ಅದರ ಜೊತೆ ಹೋದರೆ ದುಡ್ಡೂ ಉಳಿಯುತ್ತದೆ, ಸಂಜೆಯೂ ಉಳಿಯುತ್ತದೆ. ಸಂಸಾರ ಸಮೇತ ಹೊಸದಾಗಿ ಬರುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮೀನು, ಮಾಂಸ ಇಲ್ಲ. ತಿನ್ನುವವರಾದರೆ ನಿಮ್ಮ ಕೆಲಸ ಇನ್ನೂ ಸುಲಭ.

ಮೊದಲ ವಾರದ ಸಾಮಾನು

ಕೊಳ್ಳಬೇಕಾದದ್ದು ಜಾಸ್ತಿ ಏನಿಲ್ಲ. ದ್ವೆನ್‌ಜಾಂಗ್ ಎಂಬ ಹುಳಿಸಿದ ಸೋಯಾ ಮುದ್ದೆ, ಗೊಚುಜಾಂಗ್ ಎಂಬ ಸಿಹಿ ಖಾರದ ಮುದ್ದೆ, ಸೋಯಾ ಸಾಸ್, ಗೊಚುಗಾರು ಅಂದರೆ ಮೆಣಸಿನಪುಡಿ, ಎಳ್ಳೆಣ್ಣೆ, ಹುರಿದ ಎಳ್ಳು, ಬೆಳ್ಳುಳ್ಳಿ. ಇಷ್ಟಿದ್ದರೆ ನೂರು ತರಹ ಅಡುಗೆಯಾಗುತ್ತದೆ.

ಸೋಯಾ ಸಾಸ್‌ನಲ್ಲಿ ಎರಡು ಬಗೆ ಇದೆ ಅನ್ನುವುದು ನನಗೆ ಆರು ತಿಂಗಳು ಗೊತ್ತೇ ಇರಲಿಲ್ಲ. ಗುಕ್‌ಗಾನ್‌ಜಾಂಗ್ ಬಣ್ಣ ತೆಳು, ಉಪ್ಪು ಜಾಸ್ತಿ. ಅದು ಸಾರಿಗೆ, ಸೊಪ್ಪಿಗೆ. ಜಿನ್‌ಗಾನ್‌ಜಾಂಗ್ ಕಪ್ಪು, ಸ್ವಲ್ಪ ಸಿಹಿ. ಅದು ಬೇಯಿಸಿ ಇಂಗಿಸುವ ಪಲ್ಯಕ್ಕೆ. ಅದಲುಬದಲಾದರೆ ಪಾಲಕ್ ಕಪ್ಪಗಾಗುತ್ತದೆ, ಆಲೂಗಡ್ಡೆ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಎರಡೂ ಆಗಿದೆ.

ಗೊಚುಗಾರು ನೋಡಿದ ತಕ್ಷಣ ನಿಮಗೆ ಬ್ಯಾಡಗಿ ನೆನಪಾಗುತ್ತದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಬೀಜ ತೆಗೆದು ತರಿತರಿಯಾಗಿ ಕುಟ್ಟಿದ್ದು. ಊರಿಗೆ ಹೋದಾಗ ಅಮ್ಮನ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ, ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಮಾಡಿದ್ದೆ. ಚೆನ್ನಾಗಿಯೇ ಬಂತು. ಗುಂಟೂರು ಹಾಕಿದರೆ ಮಾತ್ರ ಯಾರೂ ತಿನ್ನಲಾರರು.

ದ್ವೆನ್‌ಜಾಂಗ್ ಕೊಳ್ಳುವಾಗ ಒಂದು ಎಚ್ಚರ. 'ಜಿಗೆಗೆ' (ಜಿಗೆ ಅಂದರೆ ಗಟ್ಟಿ ಸಾರು) ಅಂತ ಬರೆದ ಕೆಲವು ಡಬ್ಬಿಗಳಲ್ಲಿ ಒಣಮೀನು, ಚಿಪ್ಪಿನ ಪುಡಿ ಮೊದಲೇ ಬೆರೆಸಿರುತ್ತಾರೆ. ಫೋನಿನ ಅನುವಾದದ ಕ್ಯಾಮೆರಾವನ್ನು ಹಿಂದಿನ ಚೀಟಿಗೆ ಹಿಡಿದು ನೋಡಿ. ಮ್ಯೊಲ್ಚಿ ಅಂದರೆ ಪುಟ್ಟ ಒಣಮೀನು, ಸೆಉ ಅಂದರೆ ಸಿಗಡಿ, ಜೊಗೆ ಅಂದರೆ ಚಿಪ್ಪು. ಈ ಮೂರು ಪದ ಕಲಿತರೆ ಅರ್ಧ ಕೊರಿಯಾ ಗೆದ್ದಂತೆ.

ಅನ್ನ

ಇಲ್ಲಿನ ಅಕ್ಕಿ ಗಿಡ್ಡ, ದುಂಡು, ಅಂಟು. ಮೂರು ನಾಲ್ಕು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಒಂದೂಕಾಲು ಲೋಟಕ್ಕಿಂತ ಸ್ವಲ್ಪ ಕಡಿಮೆ ನೀರು ಇಡಿ. ನಮ್ಮ ಅಳತೆಯಲ್ಲಿ ಎರಡು ಲೋಟ ನೀರಿಟ್ಟರೆ ಅಂಬಲಿಯಾಗುತ್ತದೆ. ಈ ಅನ್ನಕ್ಕೆ ತಿಳಿಸಾರು ಹೊಂದುವುದಿಲ್ಲ, ಸುಮ್ನೆ ಒದ್ದಾಡಬೇಡಿ. ಮೊಸರನ್ನಕ್ಕೆ ಮಾತ್ರ ಇದರಷ್ಟು ಒಳ್ಳೆಯ ಅಕ್ಕಿ ನಾನು ಕಂಡಿಲ್ಲ.

ಭಾನುವಾರದ ಒಂದೂವರೆ ಗಂಟೆ

ಬಾನ್ಚಾನ್ ಅಂದರೆ ಅನ್ನದ ಪಕ್ಕಕ್ಕೆ ಇಡುವ ಸಣ್ಣ ಸಣ್ಣ ಪದಾರ್ಥಗಳು. ಬಾಳೆಎಲೆಯ ಮೇಲಿನ ಪಲ್ಯ, ಕೋಸಂಬರಿ, ಉಪ್ಪಿನಕಾಯಿ ಇದ್ದ ಹಾಗೆ. ವ್ಯತ್ಯಾಸ ಏನೆಂದರೆ ಇವನ್ನು ದಿನಾ ಮಾಡುವುದಿಲ್ಲ. ಒಂದು ದಿನ ಮಾಡಿ ಡಬ್ಬಿಗೆ ತುಂಬಿಟ್ಟು, ಊಟದ ಹೊತ್ತಿಗೆ ತಣ್ಣಗೇ ಬಡಿಸುತ್ತಾರೆ. ತಂಗಳು ಎಂಬ ನಮ್ಮ ಮುಜುಗರ ಇಲ್ಲಿ ಇಲ್ಲ. ಮೊದಮೊದಲು ನನಗೂ ಒಪ್ಪಿಗೆಯಾಗಲಿಲ್ಲ. ಮೂರನೆಯ ವಾರಕ್ಕೆ, ಬುಧವಾರ ರಾತ್ರಿ ಎಂಟಕ್ಕೆ ಫ್ರಿಜ್ಜು ತೆಗೆದು ನಾಲ್ಕು ಡಬ್ಬಿ ಮೇಜಿಗಿಟ್ಟಾಗ, ಮುಜುಗರ ತಾನೇ ಹೋಯಿತು.

ನಾನು ಮಾಡುವ ಕ್ರಮ ಇದು.

ಮೊದಲು ಆಲೂಗಡ್ಡೆ, ಯಾಕೆಂದರೆ ಅದಕ್ಕೆ ಹೊತ್ತು ಬೇಕು. ಮೂರು ಆಲೂಗಡ್ಡೆ ಹೋಳು ಮಾಡಿ ಎಣ್ಣೆಯಲ್ಲಿ ಎರಡು ನಿಮಿಷ ಹುರಿಯಿರಿ. ಒಂದು ಲೋಟ ನೀರು, ಮೂರು ದೊಡ್ಡ ಚಮಚ ಜಿನ್‌ಗಾನ್‌ಜಾಂಗ್, ಒಂದೂವರೆ ಚಮಚ ಸಕ್ಕರೆ, ಜಜ್ಜಿದ ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಬಿಡಿ. ನೀರು ಇಂಗಿ ಹೋಳು ಹೊಳೆಯುವಾಗ ಎಳ್ಳು ಉದುರಿಸಿ ಇಳಿಸಿ. ಇದರ ಹೆಸರು ಗಾಮ್ಜಾ ಜೊರಿಮ್. ಮಕ್ಕಳಿಗೆ ಮೊದಲು ಹಿಡಿಸುವುದು ಇದೇ.

ಅದು ಬೇಯುವಷ್ಟರಲ್ಲಿ ಪಕ್ಕದ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ. ಸೋಯಾ ಮೊಳಕೆಯ, ಅಂದರೆ ಕೊಂಗ್‌ನಾಮುಲ್‌ನ, ಒಂದು ಪೊಟ್ಟಣ ಸುರಿದು ಐದು ನಿಮಿಷ ಬೇಯಿಸಿ. ಮುಚ್ಚಳದ ವಿಷಯದಲ್ಲಿ ಅಜ್ಜಿ ಬಹಳ ಕಟ್ಟುನಿಟ್ಟು. ಮುಚ್ಚಿದರೆ ಕೊನೆತನಕ ಮುಚ್ಚಿರಬೇಕು, ತೆರೆದರೆ ಕೊನೆತನಕ ತೆರೆದಿರಬೇಕು. ನಡುವೆ ಇಣುಕಿ ನೋಡಿದರೆ ಹಸಿ ಕಾಳಿನ ವಾಸನೆ ಉಳಿದುಬಿಡುತ್ತದೆ. ನಾನು ತೆರೆದೇ ಬೇಯಿಸುತ್ತೇನೆ, ಇಣುಕುವ ಚಪಲ ನನ್ನದು. ಮೊಳಕೆ ಎತ್ತಿದ ಮೇಲೆ ಎರಡು ಲೋಟ ನೀರು ತೆಗೆದಿಡಿ, ಸೋಮವಾರದ ಸಾರಿಗೆ ಬರುತ್ತದೆ.

ಉಳಿದ ಕುದಿನೀರಿಗೆ ಒಂದು ಕಟ್ಟು ಪಾಲಕ್. ಮೂವತ್ತು ಸೆಕೆಂಡ್ ಸಾಕು. ತಕ್ಷಣ ತಣ್ಣೀರಿಗೆ ಹಾಕಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಂಡಿ. ಹಿಂಡುವುದರಲ್ಲೇ ರುಚಿ ಇರುವುದು, ನೀರು ಉಳಿದರೆ ಮಸಾಲೆ ಹಿಡಿಯುವುದಿಲ್ಲ. ಈಗ ಪಾಲಕ್‌ಗೆ ಬೇರೆ, ಮೊಳಕೆಗೆ ಬೇರೆ ಒಂದೊಂದು ಬಟ್ಟಲಿನಲ್ಲಿ ಎರಡು ಸಣ್ಣ ಚಮಚ ಗುಕ್‌ಗಾನ್‌ಜಾಂಗ್, ಅರ್ಧ ಚಮಚ ಬೆಳ್ಳುಳ್ಳಿ, ಒಂದು ಚಮಚ ಎಳ್ಳೆಣ್ಣೆ, ಎಳ್ಳು ಹಾಕಿ ಕೈಯಲ್ಲೇ ಕಲಸಿ. ಮೊಳಕೆಗೆ ಬೇಕಾದರೆ ಚಿಟಿಕೆ ಗೊಚುಗಾರು. ಚಮಚದಲ್ಲಿ ಕಲಸಿದರೆ ಅಷ್ಟು ಚೆನ್ನಾಗಿರುವುದಿಲ್ಲ. ಕೊರಿಯನ್ನರು ಇದಕ್ಕೆ 'ಸೊನ್‌ಮಾತ್' ಅನ್ನುತ್ತಾರೆ, ಕೈರುಚಿ. ನಮ್ಮ ಪದವೂ ಅದೇ ಅಲ್ವಾ?

ಕೊನೆಗೆ ಟೋಫು. ಒಂದು ಗಡ್ಡೆಯನ್ನು ಎಂಟು ಹೋಳು ಮಾಡಿ, ನೀರು ಒರೆಸಿ, ಎರಡೂ ಬದಿ ಕಂದು ಬರುವ ಹಾಗೆ ಕಾಯಿಸಿ. ಮೂರು ಚಮಚ ಜಿನ್‌ಗಾನ್‌ಜಾಂಗ್, ಒಂದು ಚಮಚ ಗೊಚುಗಾರು, ಒಂದು ಸಣ್ಣ ಚಮಚ ಸಕ್ಕರೆ, ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿಸೊಪ್ಪು, ಅರ್ಧ ಲೋಟ ನೀರು ಕಲಸಿ ಮೇಲೆ ಸುರಿದು ಆರೇಳು ನಿಮಿಷ ಕುದಿಸಿ.

ಸೊಪ್ಪು, ಮೊಳಕೆ ಮೂರು ದಿನದೊಳಗೆ ಮುಗಿಸಿ. ಆಲೂಗಡ್ಡೆ, ಟೋಫು ಗುರುವಾರದವರೆಗೆ ಬರುತ್ತವೆ. ಡಬ್ಬಿಯಿಂದ ನೇರವಾಗಿ ತಿನ್ನಬೇಡಿ, ಒಣ ಚಮಚದಲ್ಲಿ ತಟ್ಟೆಗೆ ತೆಗೆದುಕೊಳ್ಳಿ. ಇದನ್ನು ಕನ್ನಡದವರಿಗೆ ಹೇಳಬೇಕಿಲ್ಲ. ಎಂಜಲು ಅಂದರೆ ಏನೆಂದು ನಮಗೆ ಗೊತ್ತು.

ಆ ವಾರ ಕೈಲಾಗದಿದ್ದರೆ ಸಂತೆಯ ಬಾನ್ಚಾನ್ ಅಂಗಡಿಗೆ ಹೋಗಿ. ಹತ್ತು ಸಾವಿರ ವೊನ್‌ಗೆ ಮೂರು ಡಬ್ಬಿ ಅನ್ನುವ ಬೋರ್ಡು ಸಾಮಾನ್ಯ. ಸುವೊನ್‌ನಲ್ಲಾದರೆ ಪಾಲ್ದಲ್‌ಮುನ್ ಕೋಟೆಬಾಗಿಲಿನ ಹತ್ತಿರದ ಮೊತ್‌ಗೊಲ್ ಸಂತೆ ಇದಕ್ಕೇ ಹೆಸರಾಗಿದೆ. ದೊಡ್ಡ ಮಾರ್ಟ್‌ಗಳು ತಿಂಗಳಿಗೆ ಎರಡು ದಿನ ಮುಚ್ಚಿರುತ್ತವೆ. ಹೆಚ್ಚಿನ ಕಡೆ ಅದು ಎರಡನೇ ಮತ್ತು ನಾಲ್ಕನೇ ಭಾನುವಾರ. ಆದ್ದರಿಂದ ಶನಿವಾರ ರಾತ್ರಿ, ಬಾಗಿಲು ಹಾಕುವ ಮೊದಲು ಹೋಗಿ. ಸೊಪ್ಪು, ಟೋಫು ಮೇಲೆ ರಿಯಾಯಿತಿಯ ಚೀಟಿ ಅಂಟಿಸುತ್ತಿರುತ್ತಾರೆ. ಹಣ್ಣಿನ ಬೆಲೆ ನೋಡಿ ಎದೆ ಒಡೆದುಕೊಳ್ಳಬೇಡಿ, ಇಲ್ಲಿ ಎಲ್ಲರಿಗೂ ಹಾಗೇ.

ಒಂದು ಜಿಗೆ

ದಿನದ ಬಿಸಿ ಅಡುಗೆ ಇದೊಂದೇ. ದ್ವೆನ್‌ಜಾಂಗ್ ಜಿಗೆ ನಮ್ಮ ಹುಳಿಯ ಜಾಗದಲ್ಲಿ ಕೂರುತ್ತದೆ. ಕೊರಿಯನ್ನರು ಒಣ ಮ್ಯೊಲ್ಚಿ ಕುದಿಸಿದ ನೀರಿನಲ್ಲಿ ಮಾಡುತ್ತಾರೆ. ನಾವು ಒಂದೂವರೆ ಲೀಟರ್ ನೀರಿಗೆ ಅಂಗೈಯಗಲ ದಾಶಿಮಾ ಎಂಬ ಒಣ ಕಡಲಪಾಚಿ, ನಾಲ್ಕು ಒಣ ಅಣಬೆ, ಒಂದು ತುಂಡು ಮೂಲಂಗಿ ಹಾಕಿ ಇಪ್ಪತ್ತು ನಿಮಿಷ ಕಾಯಿಸುತ್ತೇವೆ. ಕುದಿ ಬಂದ ಕೂಡಲೇ ದಾಶಿಮಾ ತೆಗೆದುಬಿಡಿ, ಇಲ್ಲದಿದ್ದರೆ ಲೋಳೆ ಬಿಡುತ್ತದೆ. ಈ ನೀರು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ.

ಮೂರು ಲೋಟ ಈ ನೀರಿಗೆ ಎರಡು ಚಮಚ ದ್ವೆನ್‌ಜಾಂಗ್ ಕರಗಿಸಿ, ಆಲೂಗಡ್ಡೆ ಹಾಕಿ ಏಳೆಂಟು ನಿಮಿಷ. ಆಮೇಲೆ ಎಳೆ ಕುಂಬಳದಂಥ ಎಹೊಬಾಕ್, ಈರುಳ್ಳಿ ಹಾಕಿ ನಾಲ್ಕು ನಿಮಿಷ. ಕೊನೆಗೆ ಅರ್ಧ ಗಡ್ಡೆ ಟೋಫು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಎರಡು ನಿಮಿಷ. ಉಪ್ಪು ಹಾಕಲೇಬೇಡಿ, ಮುದ್ದೆಯಲ್ಲೇ ಇದೆ.

ಯಾರ ಮನೆಗಾದರೂ ಊಟಕ್ಕೆ ಹೋದರೆ ಜಿಗೆಯ ಪಾತ್ರೆ ಮೇಜಿನ ನಡುವೆ ಇರುತ್ತದೆ. ಎಲ್ಲರೂ ತಮ್ಮ ತಮ್ಮ ಚಮಚ ಅದಕ್ಕೇ ಅದ್ದುವುದು ಹಳೆಯ ವಾಡಿಕೆ. ನಿಮಗೆ ಆಗದಿದ್ದರೆ 'ಆಪ್‌ಜೊಪ್ಶಿ' ಕೇಳಿ. ಪುಟ್ಟ ತಟ್ಟೆ ಕೊಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಹಿರಿಯರು ಚಮಚ ಎತ್ತುವವರೆಗೆ ಕಾಯಿರಿ. ಅನ್ನದಲ್ಲಿ ಚಮಚ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಅದು ಸತ್ತವರಿಗೆ ಎಡೆ ಇಡುವ ರೀತಿ.

ಮೀನಿಲ್ಲದ ಕಿಮ್ಚಿ

ಅಂಗಡಿಯ ಕಿಮ್ಚಿಯಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಉಪ್ಪಿಗೆ ಹಾಕಿದ ಸಿಗಡಿ ಅಥವಾ ಮೀನಿನ ರಸ ಇರುತ್ತದೆ. ಬೌದ್ಧ ಗುಡಿಗಳ ಕಿಮ್ಚಿಯಲ್ಲಿ ಅದಿಲ್ಲ. ಅಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜಾತಿಯವೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನಮ್ಮ ಅತ್ತೆ ಇಲ್ಲಿಗೆ ಬಂದಾಗ ನೆಮ್ಮದಿಯಾಗಿ ಉಂಡದ್ದು ಅಂಥ ಗುಡಿಯೊಂದರ ಊಟವನ್ನೇ.

ಮನೆಯಲ್ಲಿ ಮಾಡುವುದಾದರೆ ಇಡೀ ಎಲೆಕೋಸಿನ ಸಾಹಸ ಬೇಡ, ಹೆಚ್ಚಿ ಮಾಡುವ 'ಮಾಕ್ ಕಿಮ್ಚಿ' ಸಾಕು. ಎರಡು ಕಿಲೋದ ಉದ್ದ ಕೋಸನ್ನು ಎರಡು ಬೆರಳಗಲ ಹೆಚ್ಚಿ, ಒಂದು ಲೋಟ ಕಲ್ಲುಪ್ಪು ಸವರಿ ಎರಡು ಗಂಟೆ ಬಿಡಿ, ನಡುನಡುವೆ ತಿರುವಿ. ದಪ್ಪ ದಂಟು ಮುರಿಯದೆ ಬಾಗಿದರೆ ಹದ ಬಂದಿದೆ ಅಂತ. ಮೂರು ಸಲ ತೊಳೆದು, ಒಂದು ಗಂಟೆ ಸೋರಿಹಾಕಿ.

ಎರಡು ಚಮಚ ಅಕ್ಕಿಹಿಟ್ಟನ್ನು ಒಂದೂವರೆ ಲೋಟ ದಾಶಿಮಾ ನೀರಿನಲ್ಲಿ ಗಂಜಿ ಮಾಡಿ ಆರಿಸಿ. ಅದಕ್ಕೆ ಒಂದು ಲೋಟ ತರಿ ಗೊಚುಗಾರು, ಹತ್ತು ಎಸಳು ಬೆಳ್ಳುಳ್ಳಿ, ಹೆಬ್ಬೆರಳಿನಷ್ಟು ಶುಂಠಿ, ಅರ್ಧ ಸೇಬು ರುಬ್ಬಿ ಹಾಕಿ. ಮೀನಿನ ರಸದ ಬದಲು ನಾಲ್ಕು ಚಮಚ ಗುಕ್‌ಗಾನ್‌ಜಾಂಗ್. ಮೂಲಂಗಿಯನ್ನು ಕಡ್ಡಿ ಕಡ್ಡಿಯಾಗಿ ಹೆಚ್ಚಿ ಸೇರಿಸಿ, ಕೋಸಿಗೆ ಬಳಿಯಿರಿ. ಕೈಗವಸು ಹಾಕಿಕೊಳ್ಳಿ. ಡಬ್ಬಿಯನ್ನು ಮುಕ್ಕಾಲು ಮಾತ್ರ ತುಂಬಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ. ತೀರಾ ಹುಳಿಯಾದದ್ದನ್ನು ಎಸೆಯಬೇಡಿ. ಅದನ್ನು ಹೆಚ್ಚಿ ತಂಗಳನ್ನದ ಜೊತೆ ಹುರಿದರೆ ನಮ್ಮ ಚಿತ್ರಾನ್ನಕ್ಕೆ ಸಾಟಿ.

ನವೆಂಬರ್ ಕೊನೆಗೆ ಅಕ್ಕಪಕ್ಕದವರು ಸೇರಿ ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಹಾಕುತ್ತಾರೆ. ಇದು ಕಿಮ್‌ಜಾಂಗ್. 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಬೇಸಿಗೆಯಲ್ಲಿ ಬೀದಿಯವರೆಲ್ಲ ಕೂತು ಹಪ್ಪಳ ಒತ್ತುತ್ತಿದ್ದೆವಲ್ಲ, ಥೇಟ್ ಹಾಗೆ. ಕರೆದರೆ ಖಂಡಿತ ಹೋಗಿ. ನಿಮ್ಮ ಪಾಲಿಗೆ ಮೀನಿಲ್ಲದ್ದನ್ನು ಬೇರೆ ಬೋಗುಣಿಯಲ್ಲಿ ಕಲಸಿ ಕೊಡುತ್ತಾರೆ, ಮೊದಲೇ ಹೇಳಿದರೆ.

ಶಾಲೆಯ ಊಟದ ಅಂಕಿಗಳು

ಶಾಲೆ ಶುರುವಾಗುವುದು ಮಾರ್ಚ್‌ನಲ್ಲಿ. ನಮ್ಮ ಮಗಳ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಚಿತ. ತಿಂಗಳ ಪಟ್ಟಿ ಮನೆಗೆ ಬರುತ್ತದೆ. ಪ್ರತಿ ಪದಾರ್ಥದ ಪಕ್ಕ ಸಣ್ಣ ಅಂಕಿಗಳಿರುತ್ತವೆ. ಅವು ಅಲರ್ಜಿಯವರಿಗಾಗಿ ಇರುವ ಗುರುತು, ಆದರೆ ನಮ್ಮಂಥವರಿಗೂ ದಾರಿದೀಪ. 1 ಮೊಟ್ಟೆ, 2 ಹಾಲು, 5 ಸೋಯಾ, 9 ಸಿಗಡಿ, 10 ಹಂದಿ, 15 ಕೋಳಿ, 16 ದನದ ಮಾಂಸ, 17 ಸ್ಕ್ವಿಡ್, 18 ಚಿಪ್ಪು. ನಾನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇನೆ.

ಆದರೆ ಒಂದು ತೂತಿದೆ. ಒಣ ಮ್ಯೊಲ್ಚಿಗೆ ಈ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಅಂಕಿ ನೋಡಿ 'ಸಾರು ಸಸ್ಯಾಹಾರಿ' ಅಂದುಕೊಂಡು ಒಂದು ಇಡೀ ಸೆಮಿಸ್ಟರ್ ಕಳೆದೆ. ಸಾರಿನ ಬಗ್ಗೆ ಟೀಚರ್ ಹತ್ತಿರ ಕೇಳಿಯೇ ತಿಳಿಯಬೇಕು.

ಅಪಾರ್ಟ್‌ಮೆಂಟಿನ ಎರಡು ಮಾತು

ಬೆಳಗ್ಗೆ ಆರಕ್ಕೆ ಮಿಕ್ಸಿ ಹಾಕಬೇಡಿ. ಮಹಡಿಗಳ ನಡುವಿನ ಸದ್ದು ಇಲ್ಲಿ ದೊಡ್ಡ ಜಗಳದ ವಿಷಯ. ನಾನು ಇಡ್ಲಿಹಿಟ್ಟು ಸಂಜೆ ಐದಕ್ಕೆ ರುಬ್ಬುತ್ತೇನೆ.

ಕಸ ಬೇರ್ಪಡಿಸಬೇಕು. ಮಾಮೂಲಿ ಕಸಕ್ಕೆ ಊರಿನ ಆಡಳಿತದ ಚೀಲ ಕೊಂಡೇ ತುಂಬಬೇಕು, ಈ ಪದ್ಧತಿ 1995ರಿಂದ ಇದೆ. ಅಡುಗೆ ಕಸ ಬೇರೆ, ಎಷ್ಟು ಹಾಕಿದರೆ ಅಷ್ಟು ದುಡ್ಡು. ನಮ್ಮವರು ಎಡವುವುದು ಇಲ್ಲೇ: ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು, ಚಹಾ ಚರಟ ಅಡುಗೆ ಕಸವಲ್ಲ. ದನಕರು ತಿನ್ನಬಹುದೇ ಎಂದು ಯೋಚಿಸಿ, ಅಂದರು ಅಜ್ಜಿ. ಆವತ್ತಿನಿಂದ ತಪ್ಪಿಲ್ಲ.

ಬಟ್ಟೆ: ಮೊದಲು ಒಳಗಿನದು, ಆಮೇಲೆ ಹೊರಗಿನದು

ಮೊದಲ ಚಳಿಗಾಲಕ್ಕೆ ದೊಡ್ಡ ಅಂಗಡಿಯೊಂದರಲ್ಲಿ ಚಂದದ ಉಣ್ಣೆ ಕೋಟು ಕೊಂಡೆ. ಜನವರಿಯಲ್ಲಿ ಮೈನಸ್ ಹತ್ತರ ಗಾಳಿ ಬಂದಾಗ ಅದು ಜರಡಿಯಂತಾಯಿತು. ಬಸ್‌ಸ್ಟಾಪಿನಲ್ಲಿ ನಡುಗುತ್ತಿದ್ದವಳಿಗೆ ಅಜ್ಜಿ ಕೇಳಿದ್ದು ಒಂದೇ ಮಾತು, "ಅನಘ ಒಮ್ಮಾ, ನೆಬೊಕ್ ಹಾಕಿದ್ದೀಯಾ?" ಇಲ್ಲಿ ತಾಯಂದಿರನ್ನು ಮಗುವಿನ ಹೆಸರು ಹಿಡಿದೇ ಕರೆಯುತ್ತಾರೆ. ಒಮ್ಮಾ ಅಂದರೆ ಅಮ್ಮ. ಅಪ್ಪನಿಗೆ ಅಪ್ಪಾ ಅಂತಲೇ.

ನೆಬೊಕ್ ಅಂದರೆ ಮೈಗಂಟುವ ಒಳಉಡುಪು. ಕ್ರಮ ಹೀಗಿರಲಿ. ಮೊದಲು ತಲಾ ಮೂರು ಜೊತೆ ನೆಬೊಕ್. ಆಮೇಲೆ ಸಾಕ್ಸು, ಟೋಪಿ, ಕೈಗವಸು. ಇವನ್ನು ಸಂತೆಯಲ್ಲೇ ಕೊಳ್ಳಿ. ಕೊನೆಗೆ ತಲಾ ಒಂದು ಉದ್ದ ಪ್ಯಾಡಿಂಗ್ ಕೋಟು, ಅಂದರೆ ಒಳಗೆ ಗರಿ ತುಂಬಿದ್ದು. ಮನೆಯೊಳಗೆ ನೆಲವೇ ಬೆಚ್ಚಗಿರುವುದರಿಂದ ದಪ್ಪ ಸ್ವೆಟರ್‌ಗಳ ರಾಶಿ ಬೇಡ. ಊರಿನಿಂದ ತಂದ ಹತ್ತಿ ಕುರ್ತಾಗಳು ನೆಬೊಕ್ ಮೇಲೆ, ಕೋಟಿನ ಒಳಗೆ ಚೆನ್ನಾಗಿ ಕೂರುತ್ತವೆ. ನನಗಂತೂ ಅದೇ ಆಫೀಸ್ ವೇಷ.

ಅಳತೆಗಳು ಗೊಂದಲ. ಹೆಂಗಸರದ್ದು 55, 66, 77. ಇದು 1981ರ ಲೆಕ್ಕದಿಂದ ಬಂದದ್ದು: 155 ಸೆಂ.ಮೀ. ಎತ್ತರ, 85 ಸೆಂ.ಮೀ. ಎದೆ, ಎರಡರ ಕೊನೆಯ ಅಂಕಿ ಸೇರಿ 55. ನಮ್ಮ ಕಡೆ 'ಮೀಡಿಯಂ' ಹಾಕುವವರು 66 ಹಾಕಿ ನೋಡಿ. ಗಂಡಸರದ್ದು 95, 100, 105, ಅದು ಎದೆಯ ಸುತ್ತಳತೆ. ಮಕ್ಕಳದ್ದು ಎತ್ತರ: 110, 120, 130. ಚಪ್ಪಲಿ, ಶೂ ಎಲ್ಲ ಮಿಲಿಮೀಟರ್. 'ಫ್ರೀ ಸೈಜ್' ಅಂತ ಬರೆದಿದ್ದರೆ ಅದು ತೆಳ್ಳಗಿರುವವರಿಗೆ ಮಾತ್ರ ಫ್ರೀ.

ಹಳೆಬಟ್ಟೆ ಕೊಳ್ಳಲು ನಾಚಿಕೆ ಬೇಡ, ಇಲ್ಲಿ ಎಲ್ಲರೂ ಕೊಳ್ಳುತ್ತಾರೆ. ಫೋನಿಗೆ 'ದಾಂಗ್‌ಗುನ್' ಹಾಕಿಕೊಳ್ಳಿ. ದಾಂಗ್‌ಗುನ್ ಅಂದರೆ ಕ್ಯಾರೆಟ್, ಜೊತೆಗೆ 'ನಿಮ್ಮ ಹತ್ತಿರ' ಅನ್ನುವುದರ ಚಿಕ್ಕ ರೂಪ. ಅಕ್ಕಪಕ್ಕದವರು ಮಾರುವುದೆಲ್ಲ ಅಲ್ಲಿ ಸಿಗುತ್ತದೆ. ಪ್ರತಿಯೊಬ್ಬರಿಗೂ ಒಂದು 'ನಡತೆಯ ಉಷ್ಣತೆ' ಇರುತ್ತದೆ. ಎಲ್ಲರೂ 36.5 ಡಿಗ್ರಿಯಿಂದ ಶುರು. ಒಳ್ಳೆಯ ವ್ಯವಹಾರ ಮಾಡಿದರೆ ಏರುತ್ತದೆ. ನಲವತ್ತಕ್ಕಿಂತ ಮೇಲಿನವರ ಹತ್ತಿರ ಕೊಳ್ಳಿ. ಸೊಲ್ಲಾಲ್ (ಚಾಂದ್ರಮಾನ ಹೊಸವರ್ಷ), ಚುಸೊಕ್ (ಸುಗ್ಗಿ) ಹಬ್ಬಕ್ಕೆ ಶಿಶುವಿಹಾರದಲ್ಲಿ ಮಕ್ಕಳು ಇಲ್ಲಿನ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಹಾಕಿಕೊಂಡು ಬರಬೇಕು ಅಂದಾಗ ನಾನು ತಂದದ್ದು ಇಲ್ಲಿಂದಲೇ. ವರ್ಷಕ್ಕೆ ಎರಡು ದಿನ ಹಾಕುವ ಬಟ್ಟೆ, ಮುಂದಿನ ವರ್ಷ ಗಿಡ್ಡವಾಗುತ್ತದೆ. ಅದೇ ಜಾಗದಲ್ಲಿ ಮಾರಿದೆ.

ರಾಜಧಾನಿ ಸೋಲ್‌ಗೆ (ಸಿಯೋಲ್) ಹೋದರೆ ದೊಂಗ್‌ಮ್ಯೊ ನಿಲ್ದಾಣದ ಪಕ್ಕದ ಹಳೆಸಂತೆ ನೋಡಿ. ನೆಲದ ಮೇಲೆ ಬಟ್ಟೆಯ ಗುಡ್ಡ ಇರುತ್ತದೆ. ಬಗ್ಗಿ ಹುಡುಕುವ ತಾಳ್ಮೆ ಬೇಕು. ಹೊಲಿಗೆ, ಜಿಪ್ಪು, ಕಂಕುಳು ಮೂರನ್ನೂ ನೋಡಿ ದುಡ್ಡು ಕೊಡಿ. ಗ್ವಾಂಗ್‌ಜಾಂಗ್ ಸಂತೆಯ ಮಹಡಿಯಲ್ಲೂ ಹಳೆಬಟ್ಟೆ ಸಿಗುತ್ತದೆ, ಆದರೆ ಅಲ್ಲಿ ಫ್ಯಾಷನ್ ಹುಡುಗರ ಕಾಟ, ಬೆಲೆಯೂ ಏರಿಕೆ. ಗದ್ದಲ ಬೇಡ ಅನ್ನುವವರಿಗೆ 2002ರಲ್ಲಿ ಶುರುವಾದ 'ಸುಂದರ ಅಂಗಡಿ', ಅಂದರೆ ಆರುಮ್‌ದಾಉನ್ ಗಾಗೆ, ಹಲವು ಊರುಗಳಲ್ಲಿದೆ. ದಾನ ಬಂದ ಬಟ್ಟೆ ಮಾರುತ್ತಾರೆ, ನೀವೂ ಕೊಡಬಹುದು.

ಪ್ಯಾಡಿಂಗ್ ಒಂದನ್ನು ಮಾತ್ರ ಹೊಸದೇ ಕೊಳ್ಳಿ ಅನ್ನುತ್ತೇನೆ, ಆದರೆ ಸೆಕೆಗಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಬೆವರು ಸುರಿಯುವಾಗ ಹಿಂದಿನ ವರ್ಷದ ಕೋಟುಗಳನ್ನು ಕಡಿಮೆ ಬೆಲೆಗೆ ಹಾಕುತ್ತಾರೆ. ಮನೆಯ ತಂಪಿನಲ್ಲಿ ಮಗುವಿಗೆ ಹಾಕಿ ನೋಡಿ. ಈಗ 120 ಹಾಕುತ್ತಿದ್ದರೆ 140 ತನ್ನಿ, ತೋಳು ಒಳಗೆ ಮಡಚಿ ನಾಲ್ಕು ಹೊಲಿಗೆ ಹಾಕಿದರೆ ಎರಡು ಚಳಿಗಾಲ ಬರುತ್ತದೆ. ತೊಳೆಯುವಾಗ ಸಾಫ್ಟ್‌ನರ್ ಹಾಕಬೇಡಿ, ಒಳಗಿನ ಗರಿ ಮುದ್ದೆಯಾಗುತ್ತದೆ. ಒಣಗಿದ ಮೇಲೆ ಖಾಲಿ ಪ್ಲಾಸ್ಟಿಕ್ ಬಾಟಲಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಉಬ್ಬಿಕೊಳ್ಳುತ್ತದೆ.